ಲಾಂಚಿನವರ ಚರಣ

ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ ಹರ್ಷವರ್ಧನ ಸ್ಟುಡಿಯೋ ಎಂದು ಬೋರ್ಡು ಹಾಕಿಕೊಂಡಿದ್ದಾನೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದೆ, ಕಿಟಕಿಗೆ ಹಳೇ ಕಂಬಳಿ ಬಿಗಿದಿದೆ. ಕೆಳಗೆ ಯಾರಾದರೂ ಮಿಕ್ಸಿ ತಿರುಗಿಸಿ ನೋಡಿದರೆ ಮೇಲೆ ಕೆಲಸ ನಿಲ್ಲುತ್ತದೆ. ನಿಂತಾಗೆಲ್ಲ ಅವನು ಕಂಬಳಿ ಸರಿಸಿ ಕೆಳಗಿನವನಿಗೆ ಬೈಯುತ್ತಾನೆ. ಆ ಅಂಗಡಿ ತನಗಿಂತ ಎಷ್ಟೋ ವರ್ಷ ಮೊದಲೇ ಅಲ್ಲಿತ್ತು ಎಂಬುದು ಅವನಿಗೆ ಲೆಕ್ಕಕ್ಕೇ ಇಲ್ಲ.

ಅಲ್ಲಿ ಕೂತು ಅವನು ಮಾಡುವುದು ಚರ್ಚಿನ ಹಾಡುಗಳಿಗೆ ಹಿಮ್ಮೇಳ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಣ್ಣಪುಟ್ಟ ಸಭೆಗಳಲ್ಲಿ ಡ್ರಮ್ ಬಾರಿಸುವವರಿರುವುದಿಲ್ಲ. ಕೀಬೋರ್ಡ್ ಇದ್ದರೆ ನುಡಿಸುವ ಹುಡುಗಿ ಮದುವೆಯಾಗಿ ಹೋಗಿರುತ್ತಾಳೆ. ಅಂಥವರು ತಾವು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾರೆ. ಹರ್ಷ ಅದಕ್ಕೊಂದು ತಾಳದ ಸುತ್ತು ಕಟ್ಟುತ್ತಾನೆ. ಡ್ರಮ್ಮು, ಚಪ್ಪಾಳೆ, ಢೋಲಕ್ಕು, ಹಿಂದೆ ತೆಳ್ಳಗೆ ಪಿಟೀಲುಗಳ ಗುಂಪು. ಈ ಸುತ್ತಿಗೇ ಲೂಪ್ ಎನ್ನುವುದು. ಅದನ್ನು ಒಂದರ ಹಿಂದೊಂದು ಹೊಲಿದು, ಪಲ್ಲವಿ ಇಷ್ಟು, ಚರಣ ಇಷ್ಟು ಎಂದು ಅಳತೆಗೆ ಕತ್ತರಿಸಿ ವಾಪಸ್ ಕಳಿಸುತ್ತಾನೆ. ಭಾನುವಾರ ಒಂದು ಗುಂಡಿ ಒತ್ತಿದರೆ ಹಿಮ್ಮೇಳ ಹೊರಡುತ್ತದೆ. ಹಾಡುವವರು ಅದರ ಬೆನ್ನು ಹತ್ತಬೇಕು.

ಚರ್ಚಿಗೂ ಅವನಿಗೂ ನೆಂಟಸ್ತನವೇನಿಲ್ಲ. ಭೂಮಿ ಹುಣ್ಣಿಮೆಗೆ ಚಿತ್ತಾರದ ಬುಟ್ಟಿ ಹೊತ್ತು ಗದ್ದೆಯ ಪೂಜೆಗೆ ಹೋಗುವ ಮನೆಯವನು. ಮೊದಲು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸುತ್ತಿದ್ದ. ಆರ್ಕೆಸ್ಟ್ರಾದವರು ಬಾರಿಸುವವರನ್ನು ಕೈಬಿಟ್ಟು ಪೆನ್‌ಡ್ರೈವ್ ಹಾಕಿಕೊಂಡು ಹಾಡಲು ಶುರು ಮಾಡಿದಾಗ ಇವನ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಸ್ವಲ್ಪ ಕಾಲ ಪೆನ್‌ಡ್ರೈವಿಗೂ ಅದನ್ನು ಕಂಡುಹಿಡಿದವನ ವಂಶಕ್ಕೂ ಶಾಪ ಹಾಕಿಕೊಂಡು ತಿರುಗಿದ. ಆಮೇಲೆ ತಾನೇ ಪೆನ್‌ಡ್ರೈವ್ ತುಂಬಿಸಲು ಕೂತ. ಹೀಗೆ ಮಗ್ಗುಲು ಬದಲಿಸಿದವನಿಗೆ ಒಂದಿಷ್ಟು ಸಂಕೋಚವಾದರೂ ಇರಬೇಕಿತ್ತು. ಇವನಿಗೆ ಕೊಂಬು ಬಂತು.

ಕೆಲಸದಲ್ಲಿ ಅವನನ್ನು ತೆಗೆದುಹಾಕುವ ಹಾಗಿಲ್ಲ, ಅದನ್ನು ಒಪ್ಪಬೇಕು. ಆದರೆ ಯಾರಿಗೆ ಮಾಡಿಕೊಡುತ್ತಾನೋ ಅವರ ಮೇಲೆ ಅವನಿಗಿರುವ ತಾತ್ಸಾರ ನೋಡಿದರೆ ಮೈ ಉರಿಯುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಸಭೆಯವರು ಬಸ್ಸು ತಪ್ಪಿಹೋದೀತು ಎಂಬಂತೆ ಹಾಡುತ್ತಾರಂತೆ. ಹೊಸನಗರದ ಒಂದು ಪ್ರಾರ್ಥನಾ ಮಂದಿರದಲ್ಲಿ ಇಬ್ಬರ ಚಪ್ಪಾಳೆ ಒಟ್ಟಿಗೆ ಬಿದ್ದದ್ದನ್ನು ಅವನು ಈ ಜನ್ಮದಲ್ಲಿ ಕೇಳಿಲ್ಲವಂತೆ. ಇನ್ನೊಂದು ಕಡೆ ಪಾಸ್ಟರ್ ಬಾಯಿ ತೆರೆದರೆ ಯಾವ ಶ್ರುತಿ, ಯಾವ ಸ್ಕೇಲೂ ಹತ್ತಿರ ಸುಳಿಯುವುದಿಲ್ಲವಂತೆ. ಇದನ್ನೆಲ್ಲ ಧರ್ಮಪ್ಪನ ಹೋಟೆಲಿನಲ್ಲಿ ಚಾ ಕುಡಿಯುತ್ತ ಕೈಬಾಯಿ ತಿರುಗಿಸಿ ಹೇಳುತ್ತಾನೆ, ಸುತ್ತ ಕೂತವರು ಹಲ್ಲು ಕಿರಿಯುತ್ತಾರೆ.

ಅವರು ಅಳುವುದೂ ತನ್ನ ಕೈಯಲ್ಲೇ ಇದೆ ಎಂದು ಅವನ ಜಂಬ. ಕೊನೆಯ ಚರಣಕ್ಕೆ ಮೊದಲು ಡ್ರಮ್ಮನ್ನು ಒಂದು ಉಸಿರಿನಷ್ಟು ನಿಲ್ಲಿಸಿದರೆ ಕಣ್ಣುಗಳು ಒದ್ದೆಯಾಗುತ್ತವೆ, ಆಮೇಲೆ ಸ್ಕೇಲನ್ನು ಅರ್ಧ ಸ್ವರ ಮೇಲಕ್ಕೆತ್ತಿದರೆ ಕೈಗಳು ಮೇಲೇಳುತ್ತವೆ. ಭಕ್ತಿ ಅಂದರೆ ಅಷ್ಟೇ, ತನ್ನ ಕಿರುಬೆರಳಿನ ಕೆಲಸ ಎನ್ನುತ್ತಾನೆ. ಒಂದು ಭಾನುವಾರವಾದರೂ ಹೋಗಿ ಕೂತು ನೋಡಿದ್ದಾನೆಯೇ ಎಂದು ಕೇಳಿದರೆ, ಅಡುಗೆ ಮಾಡಿದವನು ಎಲ್ಲರ ಮನೆಯ ಎಲೆ ಮುಂದೆ ಕೂರಬೇಕೇ ಎಂದು ತಿರುಗಿ ಕೇಳುತ್ತಾನೆ.

ಅವನ ಕಥೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಗಿಟ್ಟಿಸುವುದು ಗುಡ್ಡದ ಸಭೆಯದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಜನ, ಗಾಡಿ ದಾಟಿಸುವ ಲಾಂಚ್ ನಿಲ್ಲುವ ಒಂದು ದಡದ ಮೇಲೆ, ಗುಡ್ಡದ ನೆತ್ತಿಯಲ್ಲಿ ಆ ಚಿಕ್ಕ ಚರ್ಚಿದೆ. ಅಣೆಕಟ್ಟು ಕಟ್ಟಲು ಬಂದು ಇಲ್ಲೇ ಉಳಿದವರ ಮಕ್ಕಳು ಮೊಮ್ಮಕ್ಕಳ ಸಭೆ. ಅಲ್ಲಿ ಆರಾಧನೆಯ ಮೊದಲ ಹಾಡಿಗೆ ನಾಲ್ಕು ಚರಣ. ಮೂರನೆಯದಕ್ಕೆ ಬಂದರೆಂದರೆ ಮುಗಿಯಿತು, ಗಾಣದ ಎತ್ತಿನ ಹಾಗೆ ಅದನ್ನೇ ಸುತ್ತುತ್ತಾರೆ. ನಾಲ್ಕನೆಯದು ನೆನಪಾಗುವವರೆಗೆ ಸುತ್ತುತ್ತಾರೆ, ಪಾಪ, ಯಾರಿಗೋ ಹೊಳೆಯುತ್ತದೆ, ಆಗ ಮುಂದೆ ಹೋಗುತ್ತಾರೆ ಎಂದು ಹರ್ಷ ಕಣ್ಣು ಮೇಲೆ ಮಾಡಿ, ನೆನಪಿಸಿಕೊಳ್ಳುವ ಮುದುಕನ ಮುಖ ಮಾಡಿ ತೋರಿಸುತ್ತಾನೆ.

ನಗುವವರಿಗೂ ನಗಿಸುವವನಿಗೂ ಗೊತ್ತಿಲ್ಲದ ಸಂಗತಿ ಇಷ್ಟು. ಆ ಸಭೆಯ ನಾಲ್ಕೈದು ಮನೆಗಳು ಹೊಳೆಯಾಚೆ ಇವೆ. ಅವರು ಬರಬೇಕಾದರೆ ಲಾಂಚ್ ಬರಬೇಕು. ಲಾಂಚು ತನಗೆ ತೋಚಿದಾಗ ಬಿಡುತ್ತದೆ, ಅದರಲ್ಲೂ ಭಾನುವಾರ ಪ್ರವಾಸಿಗಳ ಕಾರು ಹತ್ತಿಸಿ ಇಳಿಸಿ ಮುಗಿಯುವುದೇ ಇಲ್ಲ. ಆರಾಧನೆಯನ್ನು ತಡ ಮಾಡೋಣವೆಂದರೆ ಪಾಸ್ಟರ್ ಅಯ್ಯನವರು ಇಲ್ಲಿ ಮುಗಿಸಿ ಮಾಸ್ತಿಕಟ್ಟೆಯ ಕಡೆಯ ಸಭೆಗೆ ಓಡಬೇಕು. ಅದಕ್ಕೆ ಹಿರಿಯರು ಹಿಂದೆಯೇ ಒಂದು ದಾರಿ ಹುಡುಕಿಕೊಂಡಿದ್ದರು. ಆರಾಧನೆ ಹೊತ್ತಿಗೆ ಸರಿಯಾಗಿ ಶುರುವಾಗಲಿ, ಹಾಡು ಮಾತ್ರ ಕಾಯಲಿ. ಆ ಹಾಡು ಕಟ್ಟಿದವರೂ ಆ ಸಭೆಯವರೇ. ಅದರ ಕೊನೆಯ ಚರಣ, "ಎಲ್ಲರೂ ಬಂದೆವು ದೇವಾ, ಹೊರಗೆ ಯಾರೂ ಉಳಿದಿಲ್ಲ" ಎಂದು ಶುರುವಾಗುತ್ತದೆ. ಹೊಳೆಯ ನಡುವೆ ಜನ ಇರುವಾಗ ಅದನ್ನು ಹೇಗೆ ಹಾಡುವುದು? ಅವರು ಗುಡ್ಡ ಹತ್ತಿ ಬಾಗಿಲಿಗೆ ಬರುವವರೆಗೆ ಮೂರನೆಯದನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಾರೆ. ಬಂದವರೇ ಮುಂದಿನದನ್ನು ಎತ್ತಿಕೊಳ್ಳುತ್ತಾರೆ. ಹಾಗಾಗಿ ಅದಕ್ಕೆ ಲಾಂಚಿನವರ ಚರಣ ಎಂದೇ ಹೆಸರು.

ಹರ್ಷನಿಗೆ ಇದು ಗೊತ್ತಿರದಿರುವುದು ಸೋಜಿಗವೇ ಸರಿ. ಯಾಕೆಂದರೆ ಅವನ ಊರು ಹೊಳೆಯಾಚೆಯೇ. ಅಪ್ಪ ಮಂಜುನಾಥಪ್ಪ, ಅವ್ವ ದುಗ್ಗಮ್ಮ, ಅಣ್ಣ ಸುನಿಲನ ಸಂಸಾರ ಎಲ್ಲ ಈಗಲೂ ಅಲ್ಲೇ ಇದ್ದಾರೆ. ಅಲ್ಲಿನ ಶಾಲೆಗೆ ಜ್ಞಾನಮಣಿ ಟೀಚರ್ ಎಂಬವರಿದ್ದರು, ಗುಡ್ಡದ ಸಭೆಯವರು. ಬೆಂಚು, ಡಬ್ಬ, ಮುಂದೆ ಕೂತವನ ಬೆನ್ನು ಯಾವುದನ್ನೂ ಬಿಡದೆ ಬಾರಿಸುವ ಈ ಹುಡುಗನನ್ನು ನೋಡಿ, ತಮ್ಮ ಚರ್ಚಿನಲ್ಲಿ ಒಂದು ಢೋಲಕ್ ಸುಮ್ಮನೆ ಬಿದ್ದಿದೆ, ಭಾನುವಾರ ಕರೆದುಕೊಂಡು ಹೋಗಲೇ ಎಂದು ದುಗ್ಗಮ್ಮನನ್ನು ಕೇಳಿದ್ದರು. ಒಂದು ದಿನವಾದರೂ ತನ್ನ ಪಾತ್ರೆ ಉಳಿಯುತ್ತವಲ್ಲ ಎಂದು ದುಗ್ಗಮ್ಮ ಖುಷಿಯಿಂದ ಕಳಿಸಿದಳು. ಹಾಗೆ ಟೀಚರ ಚೀಲ ಹಿಡಿದುಕೊಂಡು ಲಾಂಚಿನಲ್ಲಿ ಬಂದು, ಗುಡ್ಡ ಹತ್ತಿ, ಆ ಢೋಲಕ್ಕಿನ ಮೇಲೆಯೇ ಅವನು ತಾಳ ಕಲಿತದ್ದು. ಗುಡ್ಡ ಹತ್ತುವಾಗ ಮೇಲಿನಿಂದ ಒಂದೇ ಚರಣ ಮತ್ತೆ ಮತ್ತೆ ಕೇಳಿಬರುತ್ತಿತ್ತು. ಟೀಚರ್ ಬಂದು ಎತ್ತಿಕೊಟ್ಟರೆ ಮಾತ್ರ ಮುಂದೆ ಹೋಗುತ್ತಾರೆ, ಇವರಿಗೆ ಮುಂದಿನದು ಬರುವುದಿಲ್ಲ ಎಂದು ಹುಡುಗ ಆಗಲೇ ತೀರ್ಮಾನ ಮಾಡಿದ್ದ. ಆ ತೀರ್ಮಾನವನ್ನು ಮೀಸೆ ಬಂದ ಮೇಲೂ, ಮದುವೆಯಾದ ಮೇಲೂ ತಿರುಗಿ ನೋಡಲಿಲ್ಲ.

ಅಂಥ ಗುಡ್ಡದ ಸಭೆಗೆ ಐವತ್ತು ವರ್ಷ ತುಂಬುವುದಿತ್ತು. ಗಾಯನ ತಂಡದ ಮುಂದಾಳು ಸಚಿನ್, ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡುವ ಹುಡುಗ, ಬೆಂಗಳೂರಿನ ದೊಡ್ಡ ಸಭೆಗಳ ವಿಡಿಯೋ ನೋಡಿ ನೋಡಿ ತನ್ನ ಸಭೆಯ ಬಗ್ಗೆ ನಾಚಿಕೆ ಹತ್ತಿಸಿಕೊಂಡಿದ್ದ. ಅಲ್ಲಿ ನೀಲಿ ಲೈಟು, ಹೊಗೆ, ಎದೆ ನಡುಗಿಸುವ ಡ್ರಮ್ಮು. ಇಲ್ಲಿ ಟ್ಯೂಬ್‌ಲೈಟು, ಅಜ್ಜಂದಿರ ಕೆಮ್ಮು. ಲೂಪ್ ಬಂದರೆ ತಮ್ಮ ಸಭೆಯೂ ಒಂದು ಸಭೆ ಅನಿಸಿಕೊಳ್ಳುತ್ತದೆ ಎಂದು ಹಿರಿಯರನ್ನು ಕಾಡಿ ಬೇಡಿ ಒಪ್ಪಿಸಿದ. ಹಬ್ಬಕ್ಕೆ ಇನ್ನೂ ಒಂದೆರಡು ತಿಂಗಳಿರುವಾಗ ಮೊದಲ ಹಾಡನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದ.

ಹರ್ಷ ಅದನ್ನು ಹಾಕಿ ಕೇಳಿದ. ಹಾಡು ಮುಗಿಯುವ ಲಕ್ಷಣವೇ ಇಲ್ಲ. ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಫೋನನ್ನು ಎತ್ತಿಕೊಂಡು ಧರ್ಮಪ್ಪನ ಹೋಟೆಲಿಗೆ ಹೋಗಿ ಎಲ್ಲರಿಗೂ ಕೇಳಿಸಿದ. ಈವರೆಗೆ ಬಾಯಲ್ಲಿ ಹೇಳುತ್ತಿದ್ದದ್ದಕ್ಕೆ ಈಗ ಸಾಕ್ಷಿ ಸಿಕ್ಕಿತ್ತು. ಚಾ ತಣ್ಣಗಾದರೂ ಮೂರನೇ ಚರಣ ತಣ್ಣಗಾಗಲಿಲ್ಲ.

ಹೆಂಡತಿ ಪ್ರತಿಮಾ ಸ್ಟುಡಿಯೋ ಕೆಲಸಕ್ಕೆ ಕೈಜೋಡಿಸುವವಳು. ಹಾಡು ಮುನ್ನಡೆಸುವವನ ಕಿವಿಗಷ್ಟೇ ಕೇಳುವ ಸೂಚನೆ ಇರುತ್ತದಲ್ಲ, 'ಪಲ್ಲವಿ', 'ಎರಡನೇ ಚರಣ' ಎಂದು, ಆ ಧ್ವನಿ ಅವಳದೇ. ಅವಳು ರೆಕಾರ್ಡಿಂಗ್ ಕೇಳಿ, ಒಂದೇ ಚರಣ ಯಾಕೆ ಅಷ್ಟು ಸಲ ಹಾಡುತ್ತಾರೆ, ಕೇಳಿದಿರಾ ಎಂದಳು. ಕೇಳುವುದೇನು, ಬರುವುದಿಲ್ಲ ಅಷ್ಟೇ ಎಂದ ಹರ್ಷ. ಪ್ರತಿಮಾ ಸೂಚನೆ ಹೇಳಲು ಮೈಕಿನ ಮುಂದೆ ಕೂತಳು. ಅವನ ಬಾಯಿಗೆ ಬಾಯಿ ಕೊಟ್ಟು ಗೆದ್ದವರನ್ನು ಅವಳು ನೋಡಿರಲಿಲ್ಲ.

ಅವನು ಹಾಡನ್ನು ಚೊಕ್ಕ ಮಾಡಿದ. ಒಂದೊಂದು ಚರಣ ಒಂದೊಂದೇ ಸಲ. ಮೂರನೆಯದು ಮುಗಿದ ತಕ್ಷಣ ಡ್ರಮ್ ನಿಂತು, ಪಿಟೀಲುಗಳು ಎದ್ದು, ಸ್ಕೇಲ್ ಮೇಲೇರಿ, "ಎಲ್ಲರೂ ಬಂದೆವು" ಎನ್ನುವಲ್ಲಿ ಆಕಾಶವೇ ಬಾಯಿ ತೆರೆಯಬೇಕು, ಹಾಗೆ. ಕಳಿಸಿದ ದಿನ ಸಚಿನ್ ಫೋನ್ ಮಾಡಿ ಹೊಗಳಿ ಹೊಗಳಿ ಸುಸ್ತಾದ ಮೇಲೆ, ಹೆದರುತ್ತ ಹೆದರುತ್ತ ಒಂದು ಮಾತು ಕೇಳಿದ. ಮೂರನೇ ಚರಣವನ್ನು ಬೇಕಾದಷ್ಟು ಹೊತ್ತು ತಿರುಗಿಸುವ ಹಾಗೆ ಮಾಡಲು ಬರುತ್ತದೆಯೇ, ಬೇಡವೆಂದಾಗ ಮುಂದಕ್ಕೆ ಹೋಗುವ ಹಾಗೆ?

ಬರುತ್ತದೆ. ಅದಕ್ಕೆ ಕಾಲಲ್ಲಿ ಒತ್ತುವ ಪೆಡಲ್ ಇದೆ. ಒತ್ತುವವರೆಗೂ ತಾಳ ಸುತ್ತುತ್ತದೆ, ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಆರ್ಕೆಸ್ಟ್ರಾದ ಕಾಲದ ಒಂದು ಪೆಡಲ್ ಹರ್ಷನ ಕಪಾಟಿನಲ್ಲೇ ಬಿದ್ದಿತ್ತು. ಆದರೆ ಅವನಿಗೆ ಒಂದು ನಿಯಮ, ಚರ್ಚಿನವರಿಗೆ ಒಂದಕ್ಕಿಂತ ಹೆಚ್ಚು ಗುಂಡಿ ಕೊಡಬಾರದು.

"ನಿಮ್ಮೋರ ಕಾಲಿಗೆ ಪೆಡಲ್ ಕೊಟ್ರೆ ಕುಣಿಯೋಕೆ ಶುರು ಮಾಡ್ತೀರಿ ಮಾರಾಯ," ಎಂದ. "ಒಂದ್ ಗುಂಡಿ ಒತ್ತು, ಬಾಯಿ ತೆಗಿ. ಉಳಿದಿದ್ದು ನಾ ನೋಡ್ಕಂಡಿದೀನಿ."

ಯಾಕೆ ಬೇಕು ಎಂದು ಒಂದು ಮಾತು ಕೇಳಿದ್ದರೆ ಸಚಿನ್ ಹೇಳುತ್ತಿದ್ದ. ಕೇಳಲಿಲ್ಲ. ಸಚಿನ್ನೂ ತಾನಾಗಿ ಹೇಳಲಿಲ್ಲ. ಆ ಡ್ರಮ್ಮಿನ ಗುಂಗಿನಲ್ಲಿ ಅವನಿಗೆ ಲಾಂಚಿನವರು ಸ್ವಲ್ಪ ಮರೆತೂ ಹೋಗಿದ್ದರು.

ಲೂಪ್ ಬಂದ ಮೊದಲ ಭಾನುವಾರ ಸಭೆ ಬೆರಗಾಯಿತು. ಹಾಡು ರೈಲಿನ ಹಾಗೆ ಹೊರಟು ರೈಲಿನ ಹಾಗೆ ಮುಗಿಯಿತು. ಮುಗಿದು ಎಲ್ಲರೂ ಕೂತ ಮೇಲೆ, ಅಯ್ಯನವರು ಪ್ರಾರ್ಥನೆ ಮಾಡುತ್ತಿರುವಾಗ, ಲಾಂಚಿನವರು ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ತಡವಾಗಿ ಬಂದವರ ಹಾಗೆ ನಿಂತದ್ದು ಅದೇ ಮೊದಲು. ಜ್ಞಾನಮಣಿ ಟೀಚರ್ ಹೊಸ್ತಿಲ ಹೊರಗೇ ಚಪ್ಪಲಿಯ ಪಕ್ಕ ನಿಂತು ಪ್ರಾರ್ಥನೆ ಮುಗಿಯುವವರೆಗೆ ಕಾದು, ಹಿಂದಿನ ಬೆಂಚಿಗೆ ಹೋಗಿ ಕೂತರು. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ಟೀಚರ್ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಗುಡ್ಡ ಹತ್ತುವ ವಯಸ್ಸೂ ಅಲ್ಲ, ಹತ್ತಿದರೂ ಅಲ್ಲಿ ತಮಗಾಗಿ ಏನೂ ಉಳಿದಿರುವುದಿಲ್ಲ ಎಂದು ಯಾರೊಡನೆಯೋ ಹೇಳಿದರಂತೆ. ಐವತ್ತರ ಹಬ್ಬಕ್ಕೂ ಬರುವುದಿಲ್ಲವಂತೆ.

ಸಚಿನ್ ಇದನ್ನು ಹರ್ಷನಿಗೆ ಫೋನಿನಲ್ಲಿ ಹೇಳಿದ. ಅಂದರೆ ಟೀಚರ್ ಬರುತ್ತಿಲ್ಲ ಎಂಬುದನ್ನು ಹೇಳಿದ. ಯಾಕೆಂದು ಹೇಳುವಷ್ಟರಲ್ಲಿ ಹರ್ಷ ಬಾಯಿ ಹಾಕಿದ್ದ. ವಯಸ್ಸಾದವರಿಗೆ ಡ್ರಮ್ ಅಂದರೆ ಎಲ್ಲ ಕಡೆಯೂ ಹೀಗೇ, ಕಿವಿಗೆ ಹತ್ತಿ ಇಟ್ಟುಕೊಂಡು ಬರಲು ಹೇಳು ಎಂದ. ತನಗೆ ಮೊದಲ ಢೋಲಕ್ ಕೊಟ್ಟ ಕೈಯ ಬಗ್ಗೆ ಆಡಿದ ಮಾತು ಇದು. ಆಡಿ, ಮಸಾಲೆ ಮಂಡಕ್ಕಿ ತಿನ್ನಲು ಹೋದ.

ಇತ್ತ ಗುಡ್ಡದ ಹಿರಿಯರು ಕೂತು ಮಾತಾಡಿಕೊಂಡರು. ಸಭೆಯ ದೊಡ್ಡವರು ಯಾಕೋಬಪ್ಪ, ಅಣೆಕಟ್ಟಿನ ಕೆಲಸಕ್ಕೆ ಬಂದವರ ಮಗ, ಹಠದಲ್ಲಿ ಅಣೆಕಟ್ಟಿಗೇ ಅಣ್ಣ. ಅವರು ಸಚಿನ್‌ನನ್ನು ಕರೆದು, ಹಬ್ಬದ ದಿನ ನಿನ್ನ ಪೆಟ್ಟಿಗೆ ಏನು ಬೇಕಾದರೂ ಬಾರಿಸಿಕೊಳ್ಳಲಿ, ಲಾಂಚಿನವರು ಬಾಗಿಲಿಗೆ ಬಾರದೆ ಕೊನೆಯ ಚರಣಕ್ಕೆ ಸಭೆ ಬಾಯಿ ತೆರೆಯುವುದಿಲ್ಲ, ಆ ಹರ್ಷನಿಗೆ ಹೇಳಿಬಿಡು ಎಂದರು. ಟೀಚರನ್ನು ಒಪ್ಪಿಸಿ ಕರೆತರುವ ಕೆಲಸವನ್ನು ಆಚೆ ದಡದಲ್ಲಿದ್ದ ಹರ್ಷನ ಅವ್ವ ದುಗ್ಗಮ್ಮನಿಗೆ ವಹಿಸಿದರು. ಸಚಿನ್ ಹರ್ಷನಿಗೆ ಹೇಳಬೇಕೆಂದು ಮೂರು ಸಲ ಫೋನ್ ಎತ್ತಿಕೊಂಡು ಮೂರು ಸಲವೂ ಕೆಳಗಿಟ್ಟ. ಆ ಬಾಯಿಂದ ಬೈಸಿಕೊಳ್ಳುವುದಕ್ಕಿಂತ ಏನಾಗುತ್ತದೋ ಆಗಲಿ ಎಂದುಕೊಂಡ.

ಹಬ್ಬದ ದಿನ ಹರ್ಷನೇ ಬಂದ. ದೊಡ್ಡ ಸ್ಪೀಕರು, ಮಿಕ್ಸರು ಎಲ್ಲ ಹೊತ್ತ ಗಾಡಿಯಲ್ಲಿ, ರಸ್ತೆಯ ಕಡೆಯಿಂದ. ಊರು ಬಿಟ್ಟ ಮೇಲೆ ಆ ಗುಡ್ಡಕ್ಕೆ ಅವನು ಕಾಲಿಟ್ಟದ್ದು ಅಂದೇ. ಚರ್ಚು ಅವನು ನೆನೆಸಿಕೊಂಡದ್ದಕ್ಕಿಂತ ಚಿಕ್ಕದಾಗಿ ಕಂಡಿತು. ತನ್ನ ಸ್ಪೀಕರಿಗೆ ಈ ಗೋಡೆ ತಡೆದುಕೊಳ್ಳುತ್ತದೆಯೇ ಎಂದು ಸಚಿನ್‌ನನ್ನು ಗೇಲಿ ಮಾಡಿ, ಪಕ್ಕದ ಕಿಟಕಿಯ ಬಳಿ ಮಿಕ್ಸರ್ ಹೂಡಿಕೊಂಡು ಕೂತ. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಆಚೆ ದಡದಲ್ಲಿ ಕಾರುಗಳ ಸಾಲು ಬಿಸಿಲಿಗೆ ಮಿನುಗುತ್ತಿತ್ತು, ಲಾಂಚ್ ಇನ್ನೂ ಅಲ್ಲೇ ಇತ್ತು. ಅವನ ಅವ್ವನೂ ಟೀಚರೂ ಆ ಸಾಲಿನ ಹಿಂದೆಲ್ಲೋ ನಿಂತಿದ್ದಾರೆಂದು ಅವನಿಗೆ ತಿಳಿಯದು.

ಗುಂಡಿ ಒತ್ತಿದ. ಸಭೆ ಎದ್ದು ನಿಂತು ಹಾಡಿತು. ಪಲ್ಲವಿ, ಮೊದಲ ಚರಣ, ಎರಡನೆಯದು, ಎಲ್ಲ ಗಟ್ಟಿಯಾಗಿ, ತಾಳಕ್ಕೆ ಸರಿಯಾಗಿ. ಹರ್ಷ ಕಾಲು ಮೇಲೆ ಕಾಲು ಹಾಕಿಕೊಂಡ. ಮೂರನೆಯದು ಮುಗಿಯಿತು, ಡ್ರಮ್ ನಿಂತಿತು, ಪಿಟೀಲುಗಳು ಎದ್ದವು. ಸಚಿನ್ ಕಿವಿಯೊಳಗೆ ಪ್ರತಿಮಾಳ ಧ್ವನಿ ಕೊನೆಯ ಚರಣಕ್ಕೆ ಎಣಿಸಿತು. ಸಚಿನ್ ಬಾಯಿ ತೆರೆದವನು ಮುಂದಿನ ಬೆಂಚಿನ ಯಾಕೋಬಪ್ಪನ ಮುಖ ನೋಡಿ ಮುಚ್ಚಿಕೊಂಡ. ಹಾಡು ಆಕಾಶಕ್ಕೆ ಹಾರಿತು. ಅದರ ಜೊತೆ ಒಂದು ಗಂಟಲೂ ಹಾರಲಿಲ್ಲ.

ಹರ್ಷ ಮೊದಲು ಮೈಕು ಕೈಕೊಟ್ಟಿತು ಅಂದುಕೊಂಡ. ಮೈಕಿನ ಧ್ವನಿ ಏರಿಸಿದ, ವೈರು ಅಲುಗಾಡಿಸಿದ, ಮೈಕಿನಲ್ಲಿ ಯಾರದೋ ಕೆಮ್ಮು ಇನ್ನಷ್ಟು ದೊಡ್ಡದಾಗಿ ಕೇಳಿತು. ತಲೆಯೆತ್ತಿ ನೋಡಿದರೆ ಸಭೆಯ ಬಾಯಿಗಳೆಲ್ಲ ಮುಚ್ಚಿದ್ದವು. ಎಲ್ಲರೂ ನೆಟ್ಟಗೆ ನಿಂತಿದ್ದರು, ಸಿಟ್ಟಿಲ್ಲ, ನಗುವಿಲ್ಲ, ಪಕ್ಕದ ಮನೆಯ ಮಿಕ್ಸಿ ನಿಲ್ಲಲಿ ಎಂದು ಕಾಯುವವರ ಹಾಗೆ. ಅವನ ಕಿರುಬೆರಳಿನ ಕೆಲಸವೆಲ್ಲ ಖಾಲಿ ಕೋಣೆಗೆ ನೆಂಟರು ಬಂದಂತೆ ಬಂದು ಹೋಯಿತು. ಅಳಿಸುವ ಜಾಗದಲ್ಲಿ ಯಾರೂ ಅಳಲಿಲ್ಲ, ಎತ್ತುವ ಜಾಗದಲ್ಲಿ ಯಾರೂ ಕೈ ಎತ್ತಲಿಲ್ಲ. ಶಿವಮೊಗ್ಗದಿಂದ ಬಂದಿದ್ದ ಅತಿಥಿಯೊಬ್ಬರು ಮಾತ್ರ ಸಂಗತಿ ತಿಳಿಯದೆ ಒಂದೆರಡು ಚಪ್ಪಾಳೆ ತಟ್ಟಿ, ಸುತ್ತ ನೋಡಿ, ಕೈ ಹಿಂದೆ ಕಟ್ಟಿಕೊಂಡರು. ಹರ್ಷನಿಗೆ ಎಲ್ಲಾದರೂ ಇಳಿದುಹೋಗಬೇಕೆನಿಸಿತು. ನಡುವೆ ನಿಲ್ಲಿಸಿದರೆ ಇನ್ನಷ್ಟು ನಗೆಪಾಟಲು. ತಾನೇ ಅಳತೆ ಕೊಟ್ಟು ಕತ್ತರಿಸಿದ ಹಾಡು ಕೊನೆಯವರೆಗೂ ನಡೆದು, ತಾಳದ ದೊಡ್ಡ ಹೊಡೆತದೊಂದಿಗೆ ಮುಗಿಯಿತು.

ಆಮೇಲೆ ಯಾಕೋಬಪ್ಪ ತಮ್ಮ ಒಡಕು ಗಂಟಲಲ್ಲಿ ಮೂರನೇ ಚರಣ ಎತ್ತಿಕೊಂಡರು. ಸಭೆ ಕೂಡಿಕೊಂಡಿತು. ಒಮ್ಮೆ ಹಾಡಿದರು, ಮತ್ತೊಮ್ಮೆ ಹಾಡಿದರು, ಮತ್ತೆ ಮೊದಲಿಂದ ಶುರು ಮಾಡಿದರು. ಬಾಗಿಲ ಬಳಿಯ ಹೆಂಗಸೊಬ್ಬಳು ಆಗಾಗ ಹೊರಗೆ ಬಗ್ಗಿ ಕೆಳಗೆ ನೋಡುತ್ತಿದ್ದಳು. ಹರ್ಷನೂ ಕಿಟಕಿಯಿಂದ ನೋಡಿದ. ಲಾಂಚ್ ಈ ದಡ ಮುಟ್ಟಿತ್ತು. ಕಾರುಗಳ ನಡುವಿನಿಂದ ನಾಲ್ಕಾರು ಜನ ಇಳಿದು ಗುಡ್ಡದ ಕಾಲುದಾರಿ ಹಿಡಿದರು. ಅವರಲ್ಲಿ ಕೊಡೆ ಊರಿಕೊಂಡು ಹತ್ತುತ್ತಿದ್ದವರು ಟೀಚರ್, ಅವರ ಚೀಲ ಹಿಡಿದು ಹಿಂದಿನಿಂದ ಹತ್ತುತ್ತಿದ್ದವಳು ಅವನ ಅವ್ವ. ಅವರು ನಿಂತಾಗ ಮೇಲೆ ಹಾಡು ನಿಧಾನವಾಯಿತು. ಅವರು ಹೊರಟಾಗ ಹಾಡೂ ಹೊರಟಿತು. ಕೊನೆಗೆ ಬಾಗಿಲಲ್ಲಿ ನೆರಳು ಬಿತ್ತು, ಜ್ಞಾನಮಣಿ ಟೀಚರ್ ಉಸಿರು ಹಿಡಿದುಕೊಂಡೇ "ಎಲ್ಲರೂ ಬಂದೆವು" ಎಂದು ಎತ್ತಿಕೊಂಡರು. ಆಗ ಸಭೆ ಬಾಯಿ ಬಿಟ್ಟ ರೀತಿಗೆ ಕಿಟಕಿಯ ಗಾಜು ನಡುಗಿತು.

ಊಟದ ಪೆಂಡಾಲಿನಲ್ಲಿ ಹರ್ಷ ಯಾಕೋಬಪ್ಪನನ್ನು ಹಿಡಿದು ನಿಲ್ಲಿಸಿದ. ಇಷ್ಟೆಲ್ಲ ಕಣ್ಣಾರೆ ನೋಡಿದ ಮೇಲೂ ಅವನಿಗೆ ಮೊದಲು ನೆನಪಾದದ್ದು ತನ್ನ ಮರ್ಯಾದೆ.

"ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ ಅಜ್ಜ. ನಾಲ್ಕು ಜನ ಬರಾದು ತಡ ಆಯ್ತು ಅಂತ ಇಡೀ ಸಭೆ ಅದನ್ನೇ ಎಳೀಬೇಕಾ?"

ಯಾಕೋಬಪ್ಪ ಕೈಯಲ್ಲಿದ್ದ ಪಾಯಸದ ಲೋಟವನ್ನು ಮೇಜಿನ ಮೇಲಿಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು.

"ನಿಂಗೋಸ್ಕರ ಎಷ್ಟ್ ವರ್ಷ ಎಳೆದಿದೀವಿ ಮಾರಾಯ. ಟೀಚರ್ ಚೀಲ ಹಿಡ್ಕಂಡು ನೀ ಗುಡ್ಡ ಹತ್ತಿ ಬರಾತನಕ. ನಿಂಗೆ ಗೊತ್ತೇ ಇರ್ಲಿಲ್ವಾ?"

ಹೋಟೆಲಿನಲ್ಲಿ ಅಷ್ಟು ವರ್ಷ ಮಾಡಿ ತೋರಿಸಿದ ಮುದುಕನ ಮುಖ ಹರ್ಷನ ಎದುರೇ ನಿಂತಿತ್ತು. ಆ ಮುದುಕ ಏನನ್ನೂ ಮರೆತಿರಲಿಲ್ಲ. ನಾಚಿಕೆ ಎಂಬುದು ಅವನಿಗೆ ಕೊನೆಗೂ ಆಯಿತು, ಅದೂ ಒಟ್ಟಿಗೇ ಆಯಿತು.

ಅಷ್ಟರಲ್ಲಿ ಟೀಚರ್ ಅಲ್ಲಿಗೆ ಬಂದರು. ಅವನ ಕೆನ್ನೆ ಮುಟ್ಟಿ, ದಪ್ಪಗಾಗಿದ್ದೀಯ ಎಂದರು. ಅವರ ಮಾತಿನಲ್ಲಿ ದೂರಿನ ಸುಳಿವೂ ಇರಲಿಲ್ಲ.

"ಏನೋ ಭಾರಿ ಚೆಂದ ಬಾರಿಸಿದೀಯಂತೆ ಪೆಟ್ಟಿಗೆಯೊಳಗೆ. ಎಲ್ಲರೂ ಹೇಳ್ತಾರೆ. ನಾನೇ ಕೇಳಿಲ್ಲ ನೋಡು. ನಾವು ಬರೋ ಹೊತ್ತಿಗೆ ಮುಗಿದಿರ್ತದೆ."

ಮುಂದಿನ ಶನಿವಾರ ಹರ್ಷ ಕಪಾಟಿನಿಂದ ಪೆಡಲ್ ತೆಗೆದು, ಧೂಳು ಒರೆಸಿ, ಗುಡ್ಡಕ್ಕೆ ಒಯ್ದು ಸಚಿನ್ ಕಾಲಬುಡದಲ್ಲಿ ಇಟ್ಟ. ಮೂರನೇ ಚರಣಕ್ಕೆ ಬೇರೆಯೇ ಸುತ್ತು ಮಾಡಿ ತಂದಿದ್ದ, ಬರಿಯ ಢೋಲಕ್ಕಿನದು. ಒತ್ತುವವರೆಗೂ ಸುತ್ತುತ್ತದೆ, ಬಾಗಿಲು ನೋಡಿಕೊಂಡು ಒತ್ತು ಎಂದು ಹೇಳಿಕೊಟ್ಟ. ಇಷ್ಟಕ್ಕೆ ಅವನು ತಿದ್ದಿಕೊಂಡ ಎಂದು ಯಾರೂ ಭಾವಿಸಬೇಡಿ. ಸಚಿನ್ ಕಾಲಿಟ್ಟ ರೀತಿ ನೋಡಿ, ಗೊಬ್ಬರ ತುಳಿಯುತ್ತಿದ್ದೀಯಾ ಎಂದು ಬೈದೇ ಹೋದ. ಹೋದದ್ದು ಸಾಗರಕ್ಕಲ್ಲ, ಹೊಳೆಯಾಚೆಗೆ. ಸೌಂಡು ಹೊರಗೆ ಎಷ್ಟು ದೂರ ಕೇಳುತ್ತದೆ ನೋಡಬೇಕು ಎಂದು ಪ್ರತಿಮಾಗೆ ಫೋನಿನಲ್ಲಿ ನೆಪ ಹೇಳಿದ. ಅವಳು ಹೂಂ ಎಂದಳು, ನಂಬಲಿಲ್ಲ.

ಭಾನುವಾರ ಲಾಂಚು ಎಂದಿನಂತೆ ತಡ ಮಾಡಿತು. ಹರ್ಷ ಟೀಚರ ಪಕ್ಕ ಕಂಬಿಗೆ ಒರಗಿ ನಿಂತು, ಮುಂದೆ ಬಂದು ನುಗ್ಗಿದ ಪ್ರತಿ ಕಾರಿಗೂ ಒಂದೊಂದು ಬೈಗುಳ ಕೊಟ್ಟ. ದಡ ಮುಟ್ಟಿ ಕಾಲುದಾರಿ ಹಿಡಿದಾಗ ಮೇಲಿನಿಂದ ಹಾಡು ಕೇಳಿಸಿತು. ಮೂರನೇ ಚರಣ. ಅದರ ಕೆಳಗೆ ಅವನ ಢೋಲಕ್ಕು. ಮುಗಿಯಿತು, ಮತ್ತೆ ಶುರುವಾಯಿತು. ನಡುವೆ ಒಂದು ಕಡೆ ತಾಳ ಮುಗ್ಗರಿಸಿತು. ಸಚಿನ್ ಅವಸರಕ್ಕೆ ಪೆಡಲ್ ಮುಟ್ಟಿರಬೇಕು.

"ದರಿದ್ರದೋನು, ಕಾಲು ಸುಮ್ನಿರಲ್ಲ ಅವಂದು," ಎಂದ ಹರ್ಷ.

ಟೀಚರ್ ಕೊಡೆ ಊರಿ ನಿಂತು ಕಿವಿಗೊಟ್ಟರು. ಅವನು ಮಾಡಿದ್ದನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲ ಸಲ. ಚೆನ್ನಾಗಿದೆ ಎನ್ನುತ್ತಾರೇನೋ ಎಂದು ಅವನು ಸಣ್ಣ ಹುಡುಗನ ಹಾಗೆ ಅವರ ಮುಖ ನೋಡಿದ. ಅವರು ಹಾಗೇನೂ ಅನ್ನಲಿಲ್ಲ. ಚೀಲವನ್ನು ಅವನ ಕೈಗೆ ಕೊಟ್ಟು, "ನಡಿ ನಡಿ, ಕಾಯ್ತಾ ಇದಾರೆ," ಎಂದರು.

ಹರ್ಷ ಚೀಲ ಹೆಗಲಿಗೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಅವರ ಮೊಣಕೈ ಹಿಡಿದು, ಬೇಗ ಬೇಗ ಗುಡ್ಡ ಹತ್ತತೊಡಗಿದ.